ಸೀಟು ಸಿಕ್ಕ ಮೇಲಿನ ಎರಡನೇ ವರ್ಷ: ಬ್ಯಾಡಗಿ ಕಡೆಯ ಒಂದು ಮನೆಯ ಪ್ರಕರಣ

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಕಾಲೇಜು, ಬ್ಯಾಂಕು, ಕೆಲಸ ಕೊಟ್ಟ ವರ್ಕ್‌ಶಾಪ್ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಯಾರು ಯಾವಾಗ ಏನು ನಿರ್ಧಾರ ಮಾಡಿದರು ಅನ್ನೋದು ಮಾತ್ರ ನಡೆದ ಹಾಗೇ ಇದೆ.

ನಾನು ಹುಬ್ಬಳ್ಳಿಯಲ್ಲಿ ಪಿಯು ಮಕ್ಕಳಿಗೆ ಪಾಠ ಹೇಳುವವನು. ರಿಸಲ್ಟ್ ಬಂದ ಮೇಲೆ ಹಾವೇರಿ, ಗದಗ, ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ತಂದೆ-ತಾಯಿ ಬರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಯಾವ ಕಾಲೇಜಿಗೆ ಹಚ್ಚೂಣ್ರಿ ಸರ?" ಕಾಲೇಜು ಯಾಕೆ ಬೇಕು ಅಂತ ಕೇಳುವವರು ಕಡಿಮೆ. ಸೇರಿದ ಮೇಲೆ ಏನಾಗುತ್ತೆ ಅಂತ ಕೇಳುವವರು ಇನ್ನೂ ಕಡಿಮೆ. ಈ ಮನೆಯ ಕಥೆಯಲ್ಲಿ ಎಲ್ಲ ಕಷ್ಟವೂ ಬಂದದ್ದು ಆ ಕೊನೆಯ ಪ್ರಶ್ನೆ ಕೇಳದೇ ಇದ್ದದ್ದರಿಂದಲೇ.

ಮನೆ, ಮತ್ತು ಮನೆಯವರ ಆಸೆ

ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಐದು ಎಕರೆ ಮಳೆಯಾಶ್ರಿತ ಹೊಲ. ಮೆಣಸಿನಕಾಯಿ, ಗೋವಿನಜೋಳ, ಒಂದಿಷ್ಟು ಹತ್ತಿ. ಅಪ್ಪ ಏಳನೇ ಇಯತ್ತೆ ಓದಿದವರು. ಅವ್ವ ಹೊಲ, ಎಮ್ಮೆ, ಮನೆ ಮೂರನ್ನೂ ನೋಡುತ್ತಾರೆ. ಇಬ್ಬರು ಮಕ್ಕಳು, ಅಕ್ಕ ಮತ್ತು ತಮ್ಮ.

ಅಕ್ಕ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿದಳು. ಬಸ್ ಪಾಸು, ಪುಸ್ತಕ, ಪರೀಕ್ಷೆ ಫೀ ಎಲ್ಲ ಸೇರಿ ಮೂರು ವರ್ಷಕ್ಕೆ 30 ಸಾವಿರ ದಾಟಿರಲಿಕ್ಕಿಲ್ಲ. "ಮದುವಿ ಆಗೂ ಮಟ ಕಲೀಲಿ" ಅನ್ನುವುದಷ್ಟೇ ಮನೆಯವರ ಲೆಕ್ಕ. ಅವಳಿಂದ ಸಂಬಳವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಇಡೀ ಆಸೆ ಮಗನ ಮೇಲಿತ್ತು.

ಆ ಆಸೆಯನ್ನು ಸುಮ್ನೆ ದುರಾಸೆ ಅನ್ನಬೇಡಿ. ಅಪ್ಪ ನನ್ನ ಮುಂದೆ ಕೂತು ಹೇಳಿದ ಮಾತು ಇದು: "ಹೊಲದಾಗ ಇದ್ದ ಹುಡುಗಗ ಹೆಣ್ಣ ಕೊಡಂಗಿಲ್ರಿ ಸರ. ನೌಕರಿ ಐತೇನು ಅಂತ ಮೊದಲ ಕೇಳ್ತಾರ. ಹೊಲಾ ಮತ್ತ ತಗೋಬಹುದು, ವಯಸ್ಸ ತಗೋಳಾಕ ಬರ್ತೈತೇನ್ರಿ?" ನಮ್ಮ ಕಡೆ ಒಕ್ಕಲುತನ ಮಾಡುವ ಹುಡುಗರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಅನ್ನೋದು ಗೊತ್ತಿದ್ದವರಿಗೆ ಈ ಮಾತಿನ ಭಾರ ತಿಳಿಯುತ್ತದೆ. ಕಾಲೇಜು ಅಂದರೆ ಅವರಿಗೆ ನೌಕರಿ, ನೌಕರಿ ಅಂದರೆ ಮದುವೆ, ಮದುವೆ ಅಂದರೆ ಮನೆತನ ಮುಂದುವರಿಯುವುದು.

ಸೀಟಿನ ಲೆಕ್ಕ

ಹುಡುಗ 2020ರಲ್ಲಿ ಪಿಯು ಸೈನ್ಸ್ ಮುಗಿಸಿದ. ಶೇ. 61 ಅಂಕ. ಸಿಇಟಿ ರ‍್ಯಾಂಕ್ ಲಕ್ಷದ ಆಚೆ. ನೆಂಟರೆಲ್ಲ ಕಂಪ್ಯೂಟರ್ ಸೈನ್ಸ್ ಅಂದರು. ಆ ರ‍್ಯಾಂಕಿಗೆ ಹುಬ್ಬಳ್ಳಿಯಲ್ಲಿ ಅದು ಸಿಗಬೇಕಾದರೆ ಮ್ಯಾನೇಜ್‌ಮೆಂಟ್ ಸೀಟೇ ಗತಿ. ವರ್ಷಕ್ಕೆ 2 ಲಕ್ಷದ ಮೇಲೆ ಫೀ. ಹಾಸ್ಟೆಲ್, ಊಟ ಸೇರಿದರೆ ನಾಲ್ಕು ವರ್ಷಕ್ಕೆ 11 ಲಕ್ಷ. ಎರಡು ಎಕರೆ ಮಾರಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಅಪ್ಪ ಗಿರಾಕಿಯನ್ನೂ ನೋಡಿಟ್ಟಿದ್ದರು.

ನಾನು ಅವರಿಗೆ ಹೇಳಿದ್ದು ಒಂದೇ. ಅಡ್ಮಿಶನ್ ಕೌಂಟರ್‌ನಲ್ಲಿ ಕೇಳಬೇಡಿ, ಕಾಲೇಜಿನ ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ಕೂತ ಕೊನೆಯ ವರ್ಷದ ಹುಡುಗರನ್ನು ಕೇಳಿ. ಅಪ್ಪ-ಮಗ ಇಬ್ಬರೂ ಹೋದರು. ಕೌಂಟರ್‌ನಲ್ಲಿ ಶೇ. 90ಕ್ಕಿಂತ ಜಾಸ್ತಿ ಪ್ಲೇಸ್‌ಮೆಂಟ್ ಅಂದಿದ್ದರು. ಚಹಾ ಅಂಗಡಿಯಲ್ಲಿ ತಿಳಿದದ್ದು ಬೇರೆ. ಆ ಲೆಕ್ಕ ಸೇರಿದವರೆಲ್ಲರದ್ದಲ್ಲ, 'ಅರ್ಹ' ವಿದ್ಯಾರ್ಥಿಗಳದ್ದು. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲದರಲ್ಲೂ ಶೇ. 60 ಇರಬೇಕು, ಒಂದು ವಿಷಯವೂ ಬಾಕಿ ಇರಬಾರದು, ನಡುವೆ ವರ್ಷ ಹೋಗಿರಬಾರದು. ಹಾಗಿರುವವರಲ್ಲಿ ಶೇ. 90. ಉಳಿದವರನ್ನು ಎಣಿಸುವುದೇ ಇಲ್ಲ.

ಇದನ್ನು ಕೇಳಿದ ಮೇಲೂ ಅಪ್ಪನ ಮನಸ್ಸು ಬದಲಾಗಲಿಲ್ಲ. ಬದಲಾಯಿಸಿದ್ದು ಅವ್ವ. "ಮಗಳ ಮದುವಿ ಇನ್ನೂ ಆಗಿಲ್ಲ. ಹೊಲಾ ಮಾರಿದ್ರ ನಾ ಕಾಗದಕ್ಕ ಸಹಿ ಮಾಡಂಗಿಲ್ಲ" ಅಂತ ಕೂತುಬಿಟ್ಟರು. ಇತ್ತ ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಕೊಡಲು ಅವರ ಬ್ಯಾಂಕು ಹಿಂದೇಟು ಹಾಕಿತು. ಸಿಇಟಿ ಸೀಟಾದರೆ 4 ಲಕ್ಷದವರೆಗೆ ಆಸ್ತಿ ಅಡವು ಇಲ್ಲದೇ ಕೊಡುತ್ತೇವೆ ಅಂದಿತು.

ಹೀಗಾಗಿ ಹುಬ್ಬಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಸಿಇಟಿ ಮೂಲಕ ಮೆಕ್ಯಾನಿಕಲ್ ಸೀಟು ಪಡೆದರು. ವರ್ಷಕ್ಕೆ 60 ಸಾವಿರದ ಆಸುಪಾಸು ಫೀ. 4 ಲಕ್ಷ ಸಾಲ. ಎರಡು ಎಕರೆಯನ್ನು ಮಾರುವ ಬದಲು ನಾಲ್ಕು ವರ್ಷಕ್ಕೆ ಲಾವಣಿಗೆ (ಗುತ್ತಿಗೆಗೆ) ಹಾಕಿ ಉಳಿದ ಖರ್ಚಿಗೆ ಹೊಂದಿಸಿದರು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದು ಬ್ಯಾಂಕಿಗೆ ಕೊಟ್ಟರು. ಮನೆಯ ವರ್ಷದ ಆದಾಯ 4.5 ಲಕ್ಷದ ಒಳಗಿದ್ದುದರಿಂದ ಓದುವ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನ ಸಿಕ್ಕಿತು. ಆ ಒಂದು ಕಾಗದ ಮುಂದೆ ದೊಡ್ಡ ಕೆಲಸ ಮಾಡಿತು.

ಈ ಮೊದಲ ನಿರ್ಧಾರ ನನ್ನ ದೃಷ್ಟಿಯಲ್ಲಿ ಒಳ್ಳೆಯದೇ. ಹೊಲ ಉಳಿಯಿತು. ಸಾಲ ಅಳತೆಯಲ್ಲಿತ್ತು. ಆದರೆ ಮನೆಯವರು ತಮ್ಮ ಎಲ್ಲ ಓಡಾಟ, ಎಲ್ಲ ವಿಚಾರ ಸೀಟಿಗೇ ಮುಗಿಸಿಬಿಟ್ಟರು. ಹುಡುಗ ಸೇರಿದ, ಇನ್ನು ನಾಲ್ಕು ವರ್ಷಕ್ಕೆ ಎಂಜಿನಿಯರ್ ಆಗಿ ಬರ್ತಾನೆ ಅಂತ ನಿಶ್ಚಿಂತೆಯಾದರು.

ಎರಡನೇ ವರ್ಷ

ಮೊದಲ ವರ್ಷದ ಪಾಠ ಶುರುವಾದದ್ದೇ ಮೊಬೈಲಿನಲ್ಲಿ. ಕೊರೊನಾ ಕಾಲ. ಊರಲ್ಲಿ ನೀರಿನ ಟಾಕಿ ಹತ್ತಿರ ಹೋದರೆ ಮಾತ್ರ ನೆಟ್‌ವರ್ಕ್. ಗಣಿತದ ಬುಡ ಅಲ್ಲೇ ಸಡಿಲಾಯಿತು. ಎರಡನೇ ವರ್ಷ ಹುಬ್ಬಳ್ಳಿಗೆ ಬಂದು ತರಗತಿಯಲ್ಲಿ ಕೂತರೆ ಇಂಗ್ಲಿಷು, ವೇಗ ಎರಡೂ ಕೈಗೆ ಹತ್ತಲಿಲ್ಲ. ಮೂರನೇ ಸೆಮಿಸ್ಟರಿನ ಗಣಿತ ಹೋಯಿತು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಹೋಯಿತು. ಹಳೆಯವೂ ಸೇರಿ ಐದು ವಿಷಯ ಬಾಕಿ ಬಿದ್ದವು. ಬಾಕಿ ಮಿತಿ ಮೀರಿದರೆ ಮೂರನೇ ವರ್ಷಕ್ಕೆ ಬಿಡುವುದಿಲ್ಲ. 2022ರ ಕೊನೆಗೆ ಅವನಿಗೆ ಇಯರ್ ಬ್ಯಾಕ್ ಆಯಿತು.

ಅವನು ಮನೆಯಲ್ಲಿ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಊರಲ್ಲಿ ಆಗಲೇ ಎಲ್ಲರೂ ಅವನನ್ನು "ಎಂಜಿನಿಯರ" ಅಂತ ಕರೆಯುತ್ತಿದ್ದರು. ಹಾಸ್ಟೆಲ್ ಬಿಟ್ಟು ಗೆಳೆಯನ ರೂಮಿಗೆ ಹೋದ. ಗೆಳೆಯನ ಸೋದರಮಾವನ ಪರಿಚಯದಿಂದ ಗೋಕುಲ ರೋಡ್ ಕಡೆಯ ಒಂದು ಮಷಿನ್ ಶಾಪ್‌ನಲ್ಲಿ ಹೆಲ್ಪರ್ ಆಗಿ ಸೇರಿಕೊಂಡ. ತಿಂಗಳಿಗೆ 8 ಸಾವಿರ.

ಸತ್ಯ ಹೊರಗೆ ಬಂದದ್ದು ಬ್ಯಾಂಕಿನಲ್ಲಿ. ಅಕ್ಕ ಪಾಸ್‌ಬುಕ್ ತುಂಬಿಸಲು ಹೋಗಿದ್ದಳು. "ನಿಮ್ಮ ತಮ್ಮನ ಮೂರನೇ ವರ್ಷದ ಕಂತು ಕೇಳಾಕ ಯಾರೂ ಬಂದೇ ಇಲ್ಲಲ್ರೀ" ಅಂದರು ಅಲ್ಲಿಯ ಅಧಿಕಾರಿ. ಅವಳು ಮನೆಗೆ ಬಂದು ಯಾರಿಗೂ ಹೇಳದೇ ತಮ್ಮನಿಗೆ ಫೋನ್ ಮಾಡಿದಳು. ಅವನು ಆ ಕಡೆ ಅಳುತ್ತಾ ಎಲ್ಲ ಹೇಳಿದ. ಆಮೇಲೆ ಅವಳು ನನಗೆ ಫೋನ್ ಮಾಡಿದಳು.

ನಾನು ಇಷ್ಟು ವರ್ಷದಲ್ಲಿ ಕಂಡಿದ್ದು ಇದು: ಎಂಜಿನಿಯರಿಂಗ್ ಕೈಬಿಟ್ಟ ಮಕ್ಕಳಲ್ಲಿ ಹೆಚ್ಚಿನವರು ಎಡವುವುದು ಈ ಹೊತ್ತಿಗೇ. ಮೊದಲ ವರ್ಷ ಹೊಸ ಹುಮ್ಮಸ್ಸು ಇರುತ್ತದೆ, ಕೊನೆಯ ವರ್ಷ ದಡ ಕಾಣುತ್ತದೆ. ನಡುವೆ ಕೇಳುವವರಿಲ್ಲ. ಮನೆಗೆ ಫೀ ರಸೀದಿ ಬರುತ್ತದೆ, ಮಾರ್ಕ್ಸ್ ಕಾರ್ಡ್ ಬರುವುದಿಲ್ಲ. ತೋರಿಸಿದರೂ ಅದರಲ್ಲಿ ಏನಿದೆ ಅಂತ ಏಳನೇ ಇಯತ್ತೆ ಓದಿದ ಅಪ್ಪನಿಗೆ ತಿಳಿಯುವುದಾದರೂ ಹೇಗೆ?

ವರ್ಕ್‌ಶಾಪ್‌ನಲ್ಲಿ ನಡೆದದ್ದು

ಆ ಶಾಪ್‌ನಲ್ಲಿ ವಾಲ್ವ್‌ಗಳ ಬಿಡಿಭಾಗ ಮಾಡುತ್ತಾರೆ. ಹುಡುಗನ ಕೆಲಸ ಮೊದಮೊದಲು ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಚೂರು) ತೆಗೆಯುವುದು, ಎಣ್ಣೆ ಒರೆಸುವುದು, ಪ್ಯಾಕ್ ಮಾಡುವುದು. ಮಷಿನ್ ಮೇಲೆ ಐಟಿಐ ಮುಗಿಸಿದ ಹುಡುಗರು. ಕೈಚಳಕದಲ್ಲಿ ಅವರ ಹತ್ತಿರಕ್ಕೂ ಇವನು ಬರುತ್ತಿರಲಿಲ್ಲ.

ಒಂದು ದಿನ ಒಂದು ಜಾಬ್ ಓಡುತ್ತಿತ್ತು. ಡ್ರಾಯಿಂಗ್‌ನಲ್ಲಿ ಒಳಗಿನ ತೂತಿಗೆ 32 ಎಚ್7 ಅಂತ ಬರೆದಿತ್ತು. ಅಂದರೆ ಅಳತೆ 32 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ, ಜಾಸ್ತಿ ಆದರೆ 0.025 ಮಿ.ಮೀ. ಮಾತ್ರ. ಆಪರೇಟರ್ ವರ್ನಿಯರ್ ಹಿಡಿದು 32 ಬಂತು ಅಂತ ಮುಂದಿನದಕ್ಕೆ ಹೋಗಿದ್ದ. ಪ್ಯಾಕ್ ಮಾಡಲು ಕೂತ ಇವನು ಡ್ರಾಯಿಂಗ್ ನೋಡಿದ. ವರ್ನಿಯರ್‌ನಲ್ಲಿ ಇಷ್ಟು ಸೂಕ್ಷ್ಮ ಸಿಗುವುದಿಲ್ಲ ಅನ್ನಿಸಿತು. ತೂತಿನ ಒಳಅಳತೆ ನೋಡುವ ಬೋರ್ ಗೇಜ್ ಕೇಳಿ ಪಡೆದು ಅಳೆದ. 32.04 ಬಂತು. ಮುಂದಿನದೂ ಹಾಗೇ. ಓಡಿಹೋಗಿ ಮಷಿನ್ ನಿಲ್ಲಿಸಲು ಹೇಳಿದ. ಟೂಲ್ ಸರಿಪಡಿಸಿ ಮತ್ತೆ ಶುರು ಮಾಡಿದರು. ಇಡೀ ಲಾಟ್ ಕೆಟ್ಟು ಗಿರಾಕಿಯಿಂದ ವಾಪಸ್ ಬರುವುದು ತಪ್ಪಿತು.

ಮರುದಿನದಿಂದ ಮಾಲೀಕರು ಅವನನ್ನು ಪ್ಯಾಕಿಂಗ್‌ನಿಂದ ತಪಾಸಣೆಯ ಮೇಜಿಗೆ ಕೂಡಿಸಿದರು. ಡ್ರಾಯಿಂಗ್ ಓದುವುದು ಅವನು ಕಾಲೇಜಿನಲ್ಲಿ ಚೆನ್ನಾಗಿ ಕಲಿತಿದ್ದ. ಇನ್‌ಸ್ಪೆಕ್ಷನ್ ರಿಪೋರ್ಟನ್ನು ಇಂಗ್ಲಿಷಿನಲ್ಲಿ ಬರೆಯುವಷ್ಟು ಭಾಷೆಯೂ ಬಂದಿತ್ತು. 'ಕಾಲೇಜಿನಲ್ಲಿ ಏನೂ ಕಲಿಸಲ್ಲ' ಅಂತ ಸಲೀಸಾಗಿ ಹೇಳುವವರು ಇದನ್ನು ಗಮನಿಸಬೇಕು. ಕಲಿಸಿದ್ದರು. ಅದು ಯಾತಕ್ಕೆ ಅಂತ ತಿಳಿದದ್ದು ಮಾತ್ರ ಇಲ್ಲಿ.

ಆದರೆ ಸಂಬಳದ ಪುಸ್ತಕದಲ್ಲಿ ಅವನ ವಿದ್ಯಾರ್ಹತೆ ಏನು? ಪಿಯುಸಿ. ಐಟಿಐ ಹುಡುಗರ ಹತ್ತಿರ ಸರ್ಟಿಫಿಕೇಟ್ ಇತ್ತು. ಇವನು ಎರಡು ವರ್ಷ ಎಂಜಿನಿಯರಿಂಗ್ ಓದಿ, ಸಾಲವನ್ನೂ ಮಾಡಿ, ಕಾಗದದಲ್ಲಿ ಅವರಿಗಿಂತ ಕೆಳಗಿದ್ದ.

ಅಪ್ಪ ಬಂದ ಮೇಲೆ

ಅಕ್ಕನೇ ಅಪ್ಪನಿಗೆ ಹೇಳಿದಳು. 2023ರ ಶುರುವಿನಲ್ಲಿ ಅಪ್ಪ ಹುಬ್ಬಳ್ಳಿಗೆ ಬಂದರು. ನನ್ನ ಮನೆಯಲ್ಲಿ ಕೂತಾಗ ಬೈಯಲೂ ಇಲ್ಲ, ಅಳಲೂ ಇಲ್ಲ. "ಹೊಳ್ಯಾಗ ಹುಣಸೀಹಣ್ಣ ತೊಳದಂಗ ಆತಲ್ರೀ ಸರ" ಅಂದರು, ಅಷ್ಟೇ. ಆಮೇಲೆ ಮಗ ಕೆಲಸ ಮಾಡುವ ಜಾಗ ನೋಡಬೇಕು ಅಂದರು. ಹೋದೆವು. ಮಗ ಬೋರ್ ಗೇಜ್ ಹಿಡಿದು ತೋರಿಸಿದ. ಅಪ್ಪ ಆ ಕಬ್ಬಿಣದ ತುಂಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಮಾಲೀಕರು ನೇರವಾಗಿ ಹೇಳಿದರು: ಪೂರ್ತಿ ಶಿಫ್ಟ್ ಬಂದರೆ 14 ಸಾವಿರ ಕೊಡ್ತೀನಿ, ಹುಡುಗ ಚಲೋ ಇದ್ದಾನ.

ಇಲ್ಲಿಂದ ಪ್ರಕರಣದ ನಿಜವಾದ ಕಷ್ಟ. ಕೈಯಲ್ಲಿ 14 ಸಾವಿರ. ಇನ್ನೊಂದು ಕಡೆ ಐದು ಬಾಕಿ ವಿಷಯ, ಇನ್ನೂ ಎರಡೂವರೆ ವರ್ಷ, ಮತ್ತೆ ಫೀ. ಅಪ್ಪನಿಗೆ ಈಗ ಕಾಲೇಜು ಬೇಡವಾಗಿತ್ತು. ಹುಡುಗನಿಗೂ ಬೇಡವಾಗಿತ್ತು.

ಬೇಕು ಅಂದವಳು ಅಕ್ಕ. ಅವಳು ಬ್ಯಾಂಕಿಗೆ ಹೋಗಿ ವಿಚಾರಿಸಿ ಬಂದಿದ್ದಳು. ಕೋರ್ಸನ್ನು ಅರ್ಧಕ್ಕೆ ಬಿಟ್ಟರೆ ಬಡ್ಡಿ ಸಹಾಯಧನ ಸಿಗುವುದಿಲ್ಲ. ಸಾಲ ತೀರಿಸುವುದೂ ಬೇಗ ಶುರುವಾಗುತ್ತದೆ. ಕಾಲೇಜಿನಿಂದ ಪತ್ರ ತಂದರೆ ಕೋರ್ಸಿನ ಅವಧಿಯನ್ನು ಮುಂದಕ್ಕೆ ಹಾಕಿಕೊಡುತ್ತಾರೆ. ನಾಲ್ಕು ವರ್ಷದ ಬಿ.ಇ. ಮುಗಿಸಲು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂಟು ವರ್ಷ ಕೊಡುತ್ತದೆ ಅನ್ನೋದನ್ನೂ ತಿಳಿದುಕೊಂಡಿದ್ದಳು. "14 ಸಾವಿರದ ಕೆಲಸ ಮುಂದಿನ ವರ್ಷಾನೂ ಸಿಗ್ತೈತಪ್ಪಾ. ಡಿಗ್ರಿ ಸಿಗಂಗಿಲ್ಲ" ಅಂದಳು.

ಆದರೆ ಸುಮ್ನೆ ಮುಂದುವರಿಸು ಅನ್ನಲಿಲ್ಲ ಅವಳು. ಷರತ್ತು ಹಾಕಿದಳು. ಮುಂದಿನ ಪರೀಕ್ಷೆಯಲ್ಲಿ ಐದರಲ್ಲಿ ಮೂರು ಪಾಸಾಗಬೇಕು. ಆಗದಿದ್ದರೆ ಅಲ್ಲಿಗೆ ನಿಲ್ಲಿಸುವುದು, ಯಾರೂ ಬೈಯುವಂತಿಲ್ಲ. ಆಗ ಪೂರ್ತಿ ಕೆಲಸಕ್ಕೆ ಸೇರುವುದು, ಜೊತೆಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಮನೆಯಲ್ಲೇ ಓದಿ ಒಂದು ಪದವಿ ಮಾಡಿಕೊಳ್ಳುವುದು. ಇದನ್ನು ಒಂದು ನೋಟ್‌ಬುಕ್ ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದರು.

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಹಾಳೆ. ಎಷ್ಟೋ ಮನೆಗಳಲ್ಲಿ 'ಇಷ್ಟು ರೊಕ್ಕ ಹಾಕೇವಿ' ಅಂತ ಮುಂದುವರಿಸುತ್ತಾರೆ, ಇಲ್ಲಾ ಸಿಟ್ಟಿನಲ್ಲಿ ಒಂದೇ ದಿನಕ್ಕೆ ಬಿಡಿಸಿ ಕರೆದುಕೊಂಡು ಹೋಗುತ್ತಾರೆ. ಎಲ್ಲಿಗೆ ನಿಲ್ಲಿಸಬೇಕು ಅನ್ನೋದನ್ನು ಸಮಾಧಾನದಲ್ಲಿ ಇರುವಾಗಲೇ ತೀರ್ಮಾನ ಮಾಡಿಕೊಂಡ ಮನೆ ನಾನು ಕಂಡಿರುವುದು ಕಡಿಮೆ. ಹುಡುಗನಿಗೂ ಹಗುರಾಯಿತು. ಸೋತರೂ ಹೋಗಲು ಒಂದು ದಾರಿ ಇದೆ ಅಂತ ಗೊತ್ತಿತ್ತು.

ಬೆಳಗ್ಗೆ ಅರ್ಧ ಶಿಫ್ಟ್, ಸಂಜೆ ವಿದ್ಯಾನಗರದಲ್ಲಿ ಗಣಿತದ ಟ್ಯೂಷನ್. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಈಗ ತಿಳಿಯತೊಡಗಿತು. ಶಾಫ್ಟ್ ಯಾಕೆ ತಿರುಚಿಕೊಳ್ಳುತ್ತದೆ, ಎಲ್ಲಿ ಮುರಿಯುತ್ತದೆ ಅನ್ನೋದನ್ನು ಕಣ್ಣಾರೆ ಕಂಡಿದ್ದ. ಗಣಿತಕ್ಕೆ ಅಂಥ ದಾರಿ ಇರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮತ್ತೆ ಮತ್ತೆ ಬಿಡಿಸಿದ, ಅಷ್ಟೇ. ಐದರಲ್ಲಿ ನಾಲ್ಕು ಪಾಸಾದ. ಆ ವರ್ಷವೇ ಮೂರನೇ ವರ್ಷಕ್ಕೆ ಸೇರಿಕೊಂಡ.

ಏನಾಯಿತು

2025ರಲ್ಲಿ ಬಿ.ಇ. ಮುಗಿಯಿತು. ಸಿಜಿಪಿಎ 6ರ ಮೇಲೆ ಸ್ವಲ್ಪ. ಕ್ಯಾಂಪಸ್‌ಗೆ ಬಂದ ಹೆಚ್ಚಿನ ಕಂಪನಿಗಳಿಗೆ ಅವನು ಕೂರಲು ಆಗಲಿಲ್ಲ. ನಡುವೆ ಒಂದು ವರ್ಷ ಹೋಗಿತ್ತಲ್ಲ. ಕೆಲಸ ಸಿಕ್ಕಿದ್ದು ಹಳೆಯ ಶಾಪ್‌ನ ಪರಿಚಯದಿಂದ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ. ಗುಣಮಟ್ಟ ತಪಾಸಣೆ. ತಿಂಗಳಿಗೆ 19 ಸಾವಿರ, ಪಿಎಫ್, ಇಎಸ್‌ಐ. ಆ ಹುದ್ದೆಗೆ ಡಿಪ್ಲೊಮಾ ಅಥವಾ ಬಿ.ಇ. ಇರಲೇಬೇಕಿತ್ತು. ಅರ್ಧಕ್ಕೆ ಬಿಟ್ಟಿದ್ದರೆ ಅರ್ಜಿ ಹಾಕುವಂತೆಯೂ ಇರಲಿಲ್ಲ.

ಅಪ್ಪ ಅಂದುಕೊಂಡಿದ್ದು 40 ಸಾವಿರ, ಎಸಿ ರೂಮು, ಕುರ್ಚಿ. ಸಿಕ್ಕಿದ್ದು ಅದರ ಅರ್ಧ, ಇಡೀ ದಿನ ಸೇಫ್ಟಿ ಶೂ ಹಾಕಿಕೊಂಡು ನಿಂತೇ ಮಾಡುವ ಕೆಲಸ. ಹಳೆಯ ಶಾಪ್‌ನಲ್ಲಿ ಇವನ ಓರಗೆಯ ಐಟಿಐ ಹುಡುಗ ಈಗ ಸೆಟ್ಟರ್ (ಮಷಿನ್‌ಗೆ ಟೂಲ್, ಅಳತೆ ಹೊಂದಿಸುವವನು) ಆಗಿದ್ದಾನೆ. 22 ಸಾವಿರ ಸಂಬಳ, ಒಂದು ರೂಪಾಯಿ ಸಾಲ ಇಲ್ಲ. ಇದನ್ನು ಬಚ್ಚಿಟ್ಟು ಕಾಲೇಜಿನ ಬಗ್ಗೆ ಮಾತಾಡುವುದು ತಪ್ಪು. ಹಾಗೇ ಇನ್ನೊಂದನ್ನೂ ಹೇಳಬೇಕು: 'ಎಂಜಿನಿಯರ' ಅನ್ನುವ ಹೆಸರಿಗೆ ಈಗ ಎರಡು ಕಡೆಯಿಂದ ಹೆಣ್ಣಿನವರು ವಿಚಾರಿಸಿದ್ದಾರೆ. ಅಪ್ಪನ ಮೊದಲ ಆಸೆ ಅದೇ ತಾನೇ?

ಅವನ ತರಗತಿಯ ಕೆಲವರು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾರೆ. ಅಲ್ಲಿ ಡಿಗ್ರಿ ಅಂದರೆ ಅರ್ಜಿ ಹಾಕುವ ಅರ್ಹತೆ, ಅಷ್ಟೇ. ಕಾನ್‌ಸ್ಟೆಬಲ್‌ಗೆ ಪಿಯುಸಿ ಸಾಕು, ಪಿಎಸ್‌ಐಗೆ ಪದವಿ ಬೇಕು. ಆ ದಾರಿಯ ಕಷ್ಟ ಬೇರೆಯೇ. 2021ರಲ್ಲಿ 545 ಪಿಎಸ್‌ಐ ಹುದ್ದೆಗೆ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಓದಿದ ಮಕ್ಕಳ ಅಷ್ಟು ವರ್ಷವನ್ನು ಯಾರು ತುಂಬಿಕೊಡುತ್ತಾರೆ? ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ಬರುತ್ತದೆ, ಎರಡು ವರ್ಷದವರೆಗೆ. ರೂಮಿನ ಬಾಡಿಗೆಗೆ ಅದು ನೆರವು ಹೌದು, ಬದುಕಿಗೆ ಸಾಲದು.

ಅಕ್ಕನ 30 ಸಾವಿರದ ಡಿಗ್ರಿ

ಈ ಮನೆಯಲ್ಲಿ ಕಾಲೇಜು ಯಾರಿಗೆ ಜಾಸ್ತಿ ಉಪಯೋಗ ಆಯಿತು ಅಂತ ಕೇಳಿದರೆ ನಾನು ಅಕ್ಕನ ಹೆಸರು ಹೇಳುತ್ತೇನೆ. ಬಿ.ಕಾಂ. ಆದ ಮೇಲೆ ಟ್ಯಾಲಿ ಕಲಿತು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದಳು. 9 ಸಾವಿರ. ಆಮೇಲೆ ಜಿಎಸ್‌ಟಿ ರಿಟರ್ನ್ ತುಂಬುವುದನ್ನೂ ಕಲಿತಳು. ಈಗ ಬೇರೆ ನಾಲ್ಕಾರು ಅಂಗಡಿಗಳ ಕೆಲಸವನ್ನೂ ಮಾಡಿಕೊಡುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚೂ ಉಳಿಯಿತು. ತಮ್ಮನ ಕೋರ್ಸು ಬೆಳೆದ ವರ್ಷದ ಬಡ್ಡಿಯನ್ನು ಕಟ್ಟಿದ್ದು ಅವಳೇ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು, ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಭುಗಿಲೆದ್ದು ವಾಹನಗಳಿಗೆ ಬೆಂಕಿ ಬಿತ್ತಲ್ಲ, ಆ ವರ್ಷ ಮನೆ ನಡೆದದ್ದು ಅವಳ ಸಂಬಳದಲ್ಲಿ.

ಸಂಬಳಕ್ಕಿಂತ ದೊಡ್ಡದು ಇನ್ನೊಂದಿದೆ. ಮೂರು ವರ್ಷ ಕಾಲೇಜಿಗೆ ಹೋದದ್ದಕ್ಕೆ ಅವಳ ಮದುವೆ ಮುಂದಕ್ಕೆ ಹೋಯಿತು. ಬ್ಯಾಂಕಿಗೆ ಒಬ್ಬಳೇ ಹೋಗಿ ಅಧಿಕಾರಿಯನ್ನು ಪ್ರಶ್ನೆ ಕೇಳುವ ಧೈರ್ಯ ಬಂತು. ಅಪ್ಪನ ಮುಂದೆ ಕಾಗದ ಇಟ್ಟು ಸಹಿ ಹಾಕಿಸುವ ಮಾತು ಬಂತು. ಇದನ್ನು ಯಾವ ಪ್ಲೇಸ್‌ಮೆಂಟ್ ಪಟ್ಟಿಯಲ್ಲೂ ಬರೆಯುವುದಿಲ್ಲ. ತಮ್ಮನ ಡಿಗ್ರಿ ಪೂರ್ತಿಯಾದದ್ದೇ ಇದರಿಂದ.

ಬೇರೆ ಮನೆಗಳಿಗೆ

ಈಗ ನನ್ನ ಹತ್ತಿರ ಬರುವ ಪಾಲಕರಿಗೆ ಈ ಪ್ರಕರಣ ಹೇಳುತ್ತೇನೆ. ಹೊಲ ಮಾರಬೇಡಿ, ಸಾಲಕ್ಕೆ ಮಿತಿ ಇಟ್ಟುಕೊಳ್ಳಿ ಅನ್ನುತ್ತೇನೆ. ಅದಕ್ಕಿಂತ ಒತ್ತಿ ಹೇಳುವುದು ಎರಡನೇ ವರ್ಷದ ಬಗ್ಗೆ. ಪ್ರತಿ ಸೆಮಿಸ್ಟರ್ ಆದ ಮೇಲೆ ಮಾರ್ಕ್ಸ್ ಕಾರ್ಡ್ ಕೇಳಿ. ಓದಲು ಬರದಿದ್ದರೆ ಓದಬಲ್ಲವರಿಗೆ ತೋರಿಸಿ. ಮುಖ್ಯವಾಗಿ, 'ಫೇಲ್ ಆದರೆ ಮನೆಗೆ ಬಂದು ಹೇಳು, ಬೈಯಂಗಿಲ್ಲ' ಅಂತ ಸೇರಿಸುವ ದಿನವೇ ಮಕ್ಕಳಿಗೆ ಹೇಳಿ. ಈ ಹುಡುಗ ಹೇಳಲು ಹೆದರಿ ಕಳೆದುಕೊಂಡದ್ದು ಕೆಲವು ತಿಂಗಳು ಮಾತ್ರ. ಹೆದರಿ ಊರಿಗೂ ಹೋಗದೆ, ಕಾಲೇಜಿಗೂ ಹೋಗದೆ ಪೂರ್ತಿ ಕಳೆದುಹೋದ ಮಕ್ಕಳನ್ನೂ ನಾನು ಕಂಡಿದ್ದೇನೆ.

ಈ ಹುಡುಗನ ಚಿಕ್ಕಪ್ಪನ ಮಗಳು ಈ ಸಲ ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾಳೆ. ಗಣಿತ ಸಾಧಾರಣ, ಕೈಕೆಲಸದಲ್ಲಿ ಚುರುಕು. ಪಿಯು ಸೈನ್ಸ್‌ಗೋ, ಡಿಪ್ಲೊಮಾಕ್ಕೋ ಅಂತ ಮನೆಯಲ್ಲಿ ಚರ್ಚೆ ನಡೆದಿದೆ. ಡಿಪ್ಲೊಮಾ ಆದರೆ ಮೂರು ವರ್ಷಕ್ಕೆ ಒಂದು ಪೂರ್ತಿ ಸರ್ಟಿಫಿಕೇಟ್ ಕೈಗೆ ಬರುತ್ತದೆ. ಮುಂದೆ ಓದಬೇಕು ಅನ್ನಿಸಿದರೆ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಹುಬ್ಬಳ್ಳಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ, ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. 'ಹೆಣ್ಣುಹುಡುಗಿಗೆ ಮಷಿನ್ ಕೆಲಸ ಯಾಕ' ಅಂತ ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಮುಂದಿನ ಭಾನುವಾರ ಅವಳನ್ನು ಗೋಕುಲ ರೋಡಿನ ಆ ಶಾಪ್‌ಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂತ ಅಣ್ಣ, ಅಂದರೆ ಈ ಹುಡುಗ, ಹೇಳಿದ್ದಾನೆ. ಮಾಲೀಕರನ್ನು ಕೇಳಿ ಒಪ್ಪಿಸಿಯೂ ಆಗಿದೆ.